ವಿಗ್ಗಿನ ಆರೈಕೆ ಮನೆಮಂದಿಯೆಲ್ಲರ ಹೊಣೆ

ಕ್ಯಾನ್ಸರ್ ರೋಗಕ್ಕೆ ಚಿಕಿತ್ಸೆ ಪಡೆಯುವವರ ಆಹಾರ, ವಿಶ್ರಾಂತಿ, ಮನೋಧೈರ್ಯಗಳ ಕುರಿತು ಆರೋಗ್ಯ ಲೇಖನಗಳಲ್ಲಿ ಸಾಕಷ್ಟು ಬರೆಯಲಾಗುತ್ತಿದೆ. ಆದರೆ ಅವರಲ್ಲಿ ಅನೇಕ ತಾಯಂದಿರು ತಲೆಯ ಮೇಲೆ ಧರಿಸುವ ವಿಗ್ಗಿನ ಬಗೆಗೆ ಒಂದಕ್ಷರವೂ ಕಾಣಸಿಗುವುದಿಲ್ಲ. ಅದು ಸೌಂದರ್ಯಕ್ಕೆ ಸೇರಿದ ಕ್ಷುಲ್ಲಕ ಸಂಗತಿ, ಮಠದ ಪತ್ರಿಕೆಯಲ್ಲಿ ಪ್ರಸ್ತಾಪಿಸತಕ್ಕದ್ದಲ್ಲ ಎಂಬ ಭಾವನೆ ಕೆಲವರಲ್ಲಿ ಇರಬಹುದು. ನಾವು ಹಾಗೆ ಭಾವಿಸುವುದಿಲ್ಲ. ವಿಗ್ಗು ರೋಗಿಯ ನೆತ್ತಿಯ ಚರ್ಮಕ್ಕೆ ದಿನಕ್ಕೆ ಎಂಟು ಹತ್ತು ತಾಸು ಅಂಟಿಕೊಂಡಿರುವ ವಸ್ತು. ಅದು ಶುಚಿಯಾಗಿದ್ದರೆ ಆಕೆಗೆ ಆರೋಗ್ಯ, ಕೊಳೆಯಾಗಿದ್ದರೆ ಅನಾರೋಗ್ಯ. ಆದ್ದರಿಂದ ಇದು ಆರೋಗ್ಯ ವಿಭಾಗಕ್ಕೆ ಸೇರಿದ ವಿಷಯವೇ ಸರಿ.

ನಾವು ಈ ಮಾತನ್ನು ಎತ್ತಲು ಇನ್ನೂ ಒಂದು ಕಾರಣವಿದೆ. ಬಹಳಷ್ಟು ಮನೆಗಳಲ್ಲಿ ವಿಗ್ಗನ್ನು ಕಳ್ಳಮಾಲಿನಂತೆ ಬಚ್ಚಿಡಲಾಗುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ, ಕೈಯಲ್ಲಿ ಬಲವಿಲ್ಲದ ಆ ತಾಯಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅದನ್ನು ತೊಳೆಯುತ್ತಾಳೆ. ಯಾರೂ ನೋಡಬಾರದೆಂದು ಗಾಳಿಯಾಡದ ಮೂಲೆಯಲ್ಲಿ ಒಣಗಿಸುತ್ತಾಳೆ. ಅರೆಬರೆ ಒಣಗಿದ್ದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಟ್ರಂಕಿನೊಳಗೆ ಇಡುತ್ತಾಳೆ. ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರ ರೂಪಾಯಿಯ ವಿಗ್ಗು ಸಿಕ್ಕುಗಟ್ಟಿ, ಮುಗ್ಗಲು ವಾಸನೆ ಹಿಡಿದು ಕೆಡುತ್ತದೆ. ಅದನ್ನು ಹೀಗೆ ಕೆಡಿಸುವುದು ಬಳಕೆಗಿಂತ ಹೆಚ್ಚಾಗಿ ಮನೆಯೊಳಗಿನ ಸಂಕೋಚವೆಂಬುದು ನಮ್ಮ ಖಚಿತ ಅಭಿಪ್ರಾಯ. ರೇಷ್ಮೆ ಸೀರೆಯನ್ನು ಹೇಗೆ ಮನೆಮಂದಿಯೆಲ್ಲ ಸೇರಿ ಜೋಪಾನ ಮಾಡುತ್ತೇವೆಯೋ ಹಾಗೆ ವಿಗ್ಗನ್ನೂ ಹಗಲಿನಲ್ಲಿ, ಎಲ್ಲರೆದುರು, ಎಲ್ಲರ ನೆರವಿನಿಂದ ಜೋಪಾನ ಮಾಡತಕ್ಕದ್ದು.

ಕೂದಲು ಏಕೆ ಉದುರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಕ್ಯಾನ್ಸರ್ ಕೋಶಗಳು ಬಹು ವೇಗವಾಗಿ ವಿಭಜನೆ ಹೊಂದುವ ಕೋಶಗಳು. ಕೀಮೋಥೆರಪಿಯ ಔಷಧಗಳು ಹೀಗೆ ವೇಗವಾಗಿ ವಿಭಜಿಸುವ ಕೋಶಗಳನ್ನೇ ಗುರಿಯಾಗಿಸಿಕೊಳ್ಳುತ್ತವೆ. ನಮ್ಮ ಕೂದಲಿನ ಬುಡದ ಕೋಶಗಳೂ ಅದೇ ವೇಗದವು. ಆದ್ದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ. ಎಲ್ಲ ಔಷಧಗಳಿಂದಲೂ ಹೀಗಾಗುವುದಿಲ್ಲ. ಆಗುವುದಾದರೆ ಸಾಮಾನ್ಯವಾಗಿ ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ಉದುರುವಿಕೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಒಂದರಿಂದ ಮೂರು ತಿಂಗಳಲ್ಲಿ ಬಹುತೇಕರಿಗೆ ಹೊಸ ಕೂದಲು ಚಿಗುರತೊಡಗುತ್ತದೆ. ಮೊದಲು ಬರುವ ಕೂದಲು ಗುಂಗುರಾಗಿರಬಹುದು, ಬಣ್ಣದಲ್ಲಿಯೂ ಬೇರೆಯಾಗಿರಬಹುದು. ಅಂದರೆ ವಿಗ್ಗಿನ ಅವಶ್ಯಕತೆ ಅನೇಕರಿಗೆ ಒಂದು ವರ್ಷದ ಆಸುಪಾಸಿನದು. ಚೆನ್ನಾಗಿ ನೋಡಿಕೊಂಡರೆ ನಿಜಗೂದಲಿನ ಒಂದು ವಿಗ್ಗು ಆ ಅವಧಿಯನ್ನು ದಾಟಿಸಬಲ್ಲದು.

ಇಷ್ಟಕ್ಕೂ ವಿಗ್ಗು ಧರಿಸುವುದು ಲೋಕವನ್ನು ವಂಚಿಸಿದಂತಲ್ಲವೇ, ದೇಹದ ಮೋಹವಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಆರೋಗ್ಯವಂತರು ತಲೆತುಂಬ ಕೂದಲಿಟ್ಟುಕೊಂಡು ಕೇಳುತ್ತಾರೆಂಬುದನ್ನು ನಾವು ಗಮನಿಸಬೇಕು. ಮನೆಮನೆಯ ಗೋಡೆಯ ಮೇಲಿರುವ ಅಕ್ಕಮಹಾದೇವಿಯ ಚಿತ್ರಪಟವನ್ನು ನೆನೆಯಿರಿ. ಅಲ್ಲಿ ಕೇಶರಾಶಿಯೇ ವಸ್ತ್ರವಾಗಿದೆ. ನಮ್ಮ ಭಾವಲೋಕದಲ್ಲಿ ಹೆಣ್ಣಿನ ಕೂದಲಿಗೆ ಮಾನದ ಅರ್ಥವೂ ಸೇರಿಕೊಂಡಿರುವಾಗ, ಒಂದೇ ವಾರದಲ್ಲಿ ಅದೆಲ್ಲವೂ ದಿಂಬಿನ ಮೇಲೆ ಉದುರಿಬಿದ್ದರೆ ಆ ತಾಯಿಗೆ ವಸ್ತ್ರವನ್ನೇ ಕಳೆದುಕೊಂಡಂತೆ ಭಾಸವಾಗುವುದು ಸಹಜ. ಆಕೆ ಇನ್ನೊಂದು ವಸ್ತ್ರವನ್ನು ಹೊದೆದುಕೊಂಡರೆ ಅದನ್ನು ವಂಚನೆ ಎನ್ನಲಾಗದು. ಹಾಗೆಯೇ ವಿಗ್ಗು ಬೇಡ, ಬೋಳುತಲೆಯಲ್ಲಿಯೇ ಇರುತ್ತೇನೆ, ಸೆರಗು ಹೊದ್ದರೆ ಸಾಕು ಎನ್ನುವ ತಾಯಿಯ ನಿರ್ಧಾರವೂ ಅಷ್ಟೇ ಗೌರವಕ್ಕೆ ಅರ್ಹವಾದುದು. ವಿಧವೆಯ ತಲೆ ಬೋಳಿಸುವ ಕ್ರೌರ್ಯಕ್ಕೆ ಶರಣಧರ್ಮದಲ್ಲಿ ಎಡೆಯಿರಲಿಲ್ಲ. ಹೀಗಿರುವಾಗ ಬೋಳುತಲೆಯ ಹೆಣ್ಣನ್ನು ಕಂಡು ಅಪಶಕುನವೆಂದು ಮುಖ ತಿರುಗಿಸುವ ಚಾಳಿ ನಮ್ಮವರಿಗೆ ಎಲ್ಲಿಂದ ಬಂತೋ ತಿಳಿಯದು.

ಇನ್ನೊಂದು ಆಕ್ಷೇಪ ಮೈಲಿಗೆಯದು. ಯಾರದೋ ತಲೆಯ ಕೂದಲು, ಉದುರಿದ ಕೂದಲು, ಅದನ್ನು ಧರಿಸಿ ಪೂಜಾಗೃಹಕ್ಕೆ ಹೋಗಬಹುದೇ ಎಂದು ಹಿರಿಯರು ಅನುಮಾನಿಸುತ್ತಾರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಅಲ್ಲಗಳೆದ ಧರ್ಮ ನಮ್ಮದು. ಅಂಗದ ಮೇಲೆ ಲಿಂಗವುಳ್ಳವರಿಗೆ ಸೂತಕವಿಲ್ಲವೆಂದು ದೀಕ್ಷೆ ಪಡೆದವರು ನಾವು. ಅಂಥ ನಾವು ಆರನೆಯದಾಗಿ ಕೂದಲಿನ ಸೂತಕವೊಂದನ್ನು ಹೊಸದಾಗಿ ಹುಟ್ಟಿಸುವುದು ತರವಲ್ಲ. ತೊಳೆದು ಶುಚಿಮಾಡಿದ ಕೂದಲು ತೊಳೆದು ಶುಚಿಮಾಡಿದ ಬಟ್ಟೆಯಂತೆಯೇ. ಆದರೂ ಪೂಜೆಯ ವೇಳೆ ಧರಿಸಲೇಬೇಕೆಂದಿಲ್ಲ. ನಸುಕಿನಲ್ಲಿ ಲಿಂಗಪೂಜೆಗೆ ಕುಳಿತಾಗ ತಲೆಗೆ ಗಾಳಿ ತಾಗಲೆಂದು ತೆಗೆದಿಟ್ಟರೆ ನೆತ್ತಿಗೇ ಹಿತ. ಅದು ಆಕೆಯ ಇಷ್ಟಕ್ಕೆ ಬಿಟ್ಟದ್ದು.

ವಿಗ್ಗೆಂಬುದು ನಮಗೆ ತೀರ ಹೊಸತೂ ಅಲ್ಲ. ನಮ್ಮ ಅಜ್ಜಿಯರು ಹಣಿಗೆಗೆ ಬಂದ ತಮ್ಮ ಕೂದಲನ್ನೇ ಗೂಡಿನಲ್ಲಿ ಕೂಡಿಟ್ಟು ಚೌರಿ ಮಾಡಿಸಿ ಜಡೆಗೆ ಸೇರಿಸಿಕೊಳ್ಳುತ್ತಿದ್ದರು. ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸುತ್ತಿದ್ದ ಗಂಡಸರು ವಿಗ್ಗು ಧರಿಸಿಯೇ ರಂಗವೇರುತ್ತಿದ್ದರು. ಇಂದು ಜಗತ್ತಿನ ಹಲವೆಡೆ ಮಾರಾಟವಾಗುವ ವಿಗ್ಗುಗಳಿಗೆ ನಮ್ಮದೇ ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರದಿಂದ ಕೂದಲು ಹೋಗುತ್ತದೆ ಎಂಬುದನ್ನು ಅನೇಕ ಓದುಗರು ಅರಿತಿರಲಾರರು. ಪಿನ್ನು, ಬಲೂನು, ಪಾತ್ರೆಗಳನ್ನು ಕೊಟ್ಟು ಹಣಿಗೆಗೂದಲನ್ನು ಕೊಳ್ಳುವವರು ಊರೂರು ಅಲೆದು ತಂದ ಉಂಡೆಗಳನ್ನು ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹೆಣ್ಣುಮಕ್ಕಳು ಕುಳಿತು ಎಳೆ ಎಳೆಯಾಗಿ ಬಿಡಿಸುತ್ತಾರೆ. ತೊಳೆದು, ಒಣಗಿಸಿ, ಉದ್ದಕ್ಕನುಗುಣವಾಗಿ ವಿಂಗಡಿಸಿದ ಮೇಲೆ ಅದು ಹೊರದೇಶಗಳಿಗೆ ಸಾಗುತ್ತದೆ. ಸಂಸ್ಕರಿಸದ ಕೂದಲು ಹೀಗೆ ಹೊರಹೋಗಿ ಇಲ್ಲಿಯ ಕೆಲಸ ತಪ್ಪಬಾರದೆಂಬ ಬೇಡಿಕೆಯಿದ್ದುದರಿಂದ ಕೇಂದ್ರ ಸರಕಾರವು 2022ರ ಜನವರಿಯಲ್ಲಿ ಅದರ ರಫ್ತಿಗೆ ನಿರ್ಬಂಧ ಹೇರಿತು. ಕಣ್ಣು ಕಿರಿದು ಮಾಡಿಕೊಂಡು, ಸೊಂಟ ನೋಯಿಸಿಕೊಂಡು ಸಿಕ್ಕು ಬಿಡಿಸುವ ಆ ತಾಯಂದಿರದು ಕಾಯಕವಲ್ಲದೆ ಮತ್ತೇನು? ಅವರ ಕೈಯಿಂದ ಬಂದ ವಸ್ತುವನ್ನು ಹೀನವೆಂದು ಕಾಣುವುದು ನಮಗೆ ಒಪ್ಪುವ ಮಾತಲ್ಲ.

ಈ ಮೂಲವನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ವಿಗ್ಗು ಏಕೆ ಸಿಕ್ಕುಗಟ್ಟುತ್ತದೆ ಎಂಬುದರ ಉತ್ತರ ಇಲ್ಲಿಯೇ ಅಡಗಿದೆ. ಕೂದಲಿನ ಹೊರಮೈ ನುಣುಪಲ್ಲ. ಮಾಡಿನ ಮೇಲಿನ ಹೆಂಚುಗಳಂತೆ ಅತಿ ಸೂಕ್ಷ್ಮವಾದ ಪದರಗಳು ಒಂದರ ಮೇಲೊಂದು, ಬುಡದಿಂದ ತುದಿಯ ಕಡೆಗೆ ಹಾಸಿಕೊಂಡಿರುತ್ತವೆ. ಒಂದು ಎಳೆಯನ್ನು ಬುಡದಿಂದ ತುದಿಯತ್ತ ಬೆರಳುಗಳ ನಡುವೆ ಎಳೆದರೆ ಜಾರುತ್ತದೆ, ತುದಿಯಿಂದ ಬುಡದತ್ತ ಎಳೆದರೆ ತಡೆಯುತ್ತದೆ. ತಿರುಮಲದಲ್ಲಿಯೋ ಮಲೆಮಹದೇಶ್ವರ ಬೆಟ್ಟದಲ್ಲಿಯೋ ಮುಡಿ ಕೊಟ್ಟವರ ಕೂದಲು ಒಂದೇ ದಿಕ್ಕಿನಲ್ಲಿ ಕತ್ತರಿಸಿದ್ದು. ಬುಡಗಳೆಲ್ಲ ಒಂದು ಕಡೆ, ತುದಿಗಳೆಲ್ಲ ಒಂದು ಕಡೆ ಉಳಿಯುವಂತೆ ಅದನ್ನು ಕಟ್ಟಿಡಬಹುದು. ಇದನ್ನು ವ್ಯಾಪಾರಿಗಳು ರೆಮಿ ಎನ್ನುತ್ತಾರೆ. ಹಣಿಗೆಗೂದಲಿನಲ್ಲಿ ಬುಡ ತುದಿಗಳು ಬೆರೆತುಹೋಗಿರುತ್ತವೆ. ಅವು ಒಂದಕ್ಕೊಂದು ಕಚ್ಚಿಕೊಳ್ಳಬಾರದೆಂದು ಆ ಪದರವನ್ನು ಆಮ್ಲದಿಂದ ಸವೆಸಿ, ಮೇಲೆ ಸಿಲಿಕೋನಿನ ಲೇಪ ಹಚ್ಚುವುದುಂಟು. ಅಂಗಡಿಯಲ್ಲಿ ಅದು ಥಳಥಳಿಸುತ್ತದೆ. ಹಲವು ಸಲ ತೊಳೆದ ಮೇಲೆ ಲೇಪ ಹೋಗಿ ಒರಟಾಗುತ್ತದೆ. ಆದ್ದರಿಂದ ಕೊಳ್ಳುವಾಗ ಹೊಳಪನ್ನು ನೋಡಿ ಮರುಳಾಗದೆ ರೆಮಿಯೋ ಅಲ್ಲವೋ ಎಂದು ಕೇಳಿರಿ. ಸಾಧ್ಯವಾದರೆ ಕೂದಲು ಉದುರುವ ಮೊದಲೇ ಹೋಗಿ ಬಣ್ಣ ಹೊಂದಿಸಿಕೊಳ್ಳಿರಿ. ಕೂದಲು ಹೋದ ಮೇಲೆ ತಲೆಯ ಸುತ್ತಳತೆ ತುಸು ಕಡಿಮೆಯಾಗುವುದರಿಂದ ಹಿಂಬದಿಯ ಪಟ್ಟಿ ಬಿಗಿ ಮಾಡಿಕೊಳ್ಳುವಂಥದಾಗಿರಲಿ.

ಇನ್ನು ಆರೈಕೆಯ ವಿಷಯ. ಎಲ್ಲಕ್ಕೂ ಮೂಲವಾದ ಒಂದು ಮಾತನ್ನು ಮನದಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ. ತಲೆಯ ಮೇಲಿನ ಕೂದಲಿಗೆ ನೆತ್ತಿಯಿಂದ ಸದಾ ಜಿಡ್ಡು ಒದಗುತ್ತಿರುತ್ತದೆ, ಉದುರಿದ್ದಕ್ಕೆ ಬದಲಾಗಿ ಹೊಸತು ಹುಟ್ಟುತ್ತಿರುತ್ತದೆ. ವಿಗ್ಗಿನ ಕೂದಲಿಗೆ ಈ ಎರಡೂ ಇಲ್ಲ. ಹೋದದ್ದು ಹೋಯಿತು. ಆದ್ದರಿಂದ ತಲೆಗೆ ಮಾಡುವುದನ್ನೆಲ್ಲ ವಿಗ್ಗಿಗೆ ಮಾಡಬಾರದು.

ದಿನವೂ ತೊಳೆಯುವ ಅಗತ್ಯವಿಲ್ಲ. ಹತ್ತು ಹದಿನೈದು ಸಲ ಧರಿಸಿದ ಮೇಲೆ ಒಮ್ಮೆ ತೊಳೆದರೆ ಸಾಕು. ಕಲಬುರಗಿ, ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬೆವರು ಹೆಚ್ಚಾದುದರಿಂದ ಇನ್ನೂ ಬೇಗ ತೊಳೆಯಬೇಕಾದೀತು. ತೊಳೆಯುವ ಮುನ್ನ ಒಣಗಿದ ಸ್ಥಿತಿಯಲ್ಲಿಯೇ ಸಿಕ್ಕು ಬಿಡಿಸಬೇಕು. ಸಿಕ್ಕಿದ್ದಂತೆಯೇ ನೀರಿಗೆ ಹಾಕಿದರೆ ಅದು ಬಿಗಿದು ಜಡೆಗಟ್ಟುತ್ತದೆ. ಅಗಲ ಹಲ್ಲಿನ ಹಣಿಗೆ ಬಳಸಿರಿ, ಸೀರಣಿಗೆಯನ್ನಂತೂ ಮುಟ್ಟಿಸಲೇಬಾರದು. ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬರಬೇಕು. ಬಾಚುವ ಜಾಗದ ಮೇಲ್ಭಾಗವನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಂಡರೆ ಬುಡದ ಗಂಟಿಗೆ ಜಗ್ಗು ಬೀಳುವುದಿಲ್ಲ. ಈ ಕೆಲಸಕ್ಕೆ ಎರಡು ಗಟ್ಟಿ ಕೈಗಳು ಬೇಕು, ಅರ್ಧ ತಾಸಿನ ತಾಳ್ಮೆ ಬೇಕು. ಕೈಗೆ ಸೂಜಿ ಚುಚ್ಚಿಸಿಕೊಂಡು ಬಂದ ರೋಗಿಯ ಕೆಲಸ ಇದಲ್ಲ. ಮಗಳು ಮಾಡಲಿ, ಸೊಸೆ ಮಾಡಲಿ, ಗಂಡ ಮಾಡಿದರೆ ಇನ್ನೂ ಒಳ್ಳೆಯದು.

ನೀರು ತಣ್ಣಗೆ ಅಥವಾ ಉಗುರುಬೆಚ್ಚಗೆ ಇರಲಿ. ಸೌಮ್ಯವಾದ ಶಾಂಪೂವನ್ನು ಒಂದು ಚಂಬು ನೀರಿನಲ್ಲಿ ಕದಡಿ, ಬುಡದಿಂದ ತುದಿಗೆ ಹರಿಯುವಂತೆ ಸುರಿದು, ಅಂಗೈಯಿಂದ ಅದೇ ದಿಕ್ಕಿನಲ್ಲಿ ಸವರಬೇಕು. ಬಟ್ಟೆಯಂತೆ ಉಜ್ಜುವುದು, ಕುಸುಕುವುದು, ಹಿಂಡುವುದು ಕೂಡದು. ಟೊಪ್ಪಿಯ ಒಳಭಾಗದಲ್ಲಿ ಬೆವರು ಹತ್ತಿದ ಅಂಚನ್ನು ಮಾತ್ರ ಬೆರಳ ತುದಿಯಿಂದ ಮೃದುವಾಗಿ ತಿಕ್ಕಬಹುದು. ಸೀಗೆಕಾಯಿ ಪುಡಿ ನಮ್ಮ ತಲೆಗೆ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ತರಿ ವಿಗ್ಗಿನ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು ಎಷ್ಟು ತೊಳೆದರೂ ಹೋಗದು, ಕೊನೆಗೆ ರೋಗಿಯ ನೆತ್ತಿಯನ್ನು ಕೆರೆಯುತ್ತದೆ. ಆದ್ದರಿಂದ ಇಲ್ಲಿ ಬೇಡ.

ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೋರ್‌ವೆಲ್ಲಿನ ಗಡಸು ನೀರು. ಪಾತ್ರೆಗೆ ಬಿಳಿ ಕರೆ ಕಟ್ಟುವ ನೀರು ಕೂದಲಿಗೂ ಅದೇ ಕರೆಯನ್ನು ಕಟ್ಟುತ್ತದೆ. ವಿಗ್ಗು ಮಂಕಾಗಿ, ಹುಲ್ಲಿನಂತಾಗಿ, ಕೆಟ್ಟೇಹೋಯಿತೆಂದು ಜನ ಎಸೆಯುತ್ತಾರೆ. ಎಷ್ಟೋ ಸಲ ಅದಕ್ಕೆ ಹತ್ತಿರುವುದು ಸುಣ್ಣದ ಪೊರೆ ಮಾತ್ರ. ಕುಡಿಯಲು ಬಳಸುವ ಶುದ್ಧೀಕರಿಸಿದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಕೊನೆಯ ಎರಡು ಚಂಬಿಗಾದರೂ ಉಪಯೋಗಿಸಿರಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಅದರಲ್ಲಿ ಒಂದೆರಡು ನಿಮಿಷ ಅದ್ದಿ, ಮತ್ತೆ ಶುದ್ಧ ನೀರಿನಿಂದ ತೊಳೆದರೆ ಆ ಪೊರೆ ಬಹುಮಟ್ಟಿಗೆ ಬಿಡುತ್ತದೆ. ಹೊರಪದರವೂ ನೆಲೆಗೆ ಕೂಡುತ್ತದೆ.

ಆಮೇಲೆ ಕಂಡೀಷನರ್. ಕೂದಲಿನ ನಡುವಿನಿಂದ ತುದಿಯವರೆಗೆ ಮಾತ್ರ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಬುಡಕ್ಕೆ ತಾಗಿದರೆ ಬಲೆಗೆ ಕಟ್ಟಿದ ಗಂಟುಗಳು ಜಾರಿ ಕೂದಲು ಕಳಚುತ್ತದೆ. ತೊಳೆದ ಮೇಲೆ ಒಣ ಟವೆಲ್ಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಬೇಕು. ಒಣಗಿಸಲು ವಿಗ್ಗಿನ ಸ್ಟ್ಯಾಂಡು ಇಲ್ಲದಿದ್ದರೆ ತಲೆಯಷ್ಟೇ ಗಾತ್ರದ ಮಡಕೆಯೊಂದನ್ನು ಬೋರಲು ಹಾಕಿ, ಮೇಲೆ ಹತ್ತಿಯ ಬಟ್ಟೆ ಹೊದಿಸಿ ಅದರ ಮೇಲಿಡಬಹುದು. ಮಡಕೆ ತಲೆಗಿಂತ ದೊಡ್ಡದಾದರೆ ಒದ್ದೆ ಟೊಪ್ಪಿ ಹಿಗ್ಗಿಹೋಗುತ್ತದೆ. ಫ್ಯಾನಿನ ಗಾಳಿಯಿರುವ ನೆರಳಿನಲ್ಲಿ, ಅಂದರೆ ನಡುಮನೆಯಲ್ಲಿಯೇ ಇಡಿರಿ. ಬಿಸಿಲು ಬೇಡ, ಬಣ್ಣ ಹಾಕಿದ ಕಪ್ಪು ಕೂದಲು ಬಿಸಿಲಿಗೆ ಕೆಂಚಾಗುತ್ತದೆ. ಒಳಗಿನ ಬಲೆ ಪೂರ್ತಿ ಒಣಗುವವರೆಗೆ ಧರಿಸಬಾರದು. ನಡುಮನೆಯಲ್ಲಿಟ್ಟರೆ ಬಂದವರು ನೋಡುತ್ತಾರಲ್ಲ ಎನ್ನಬಹುದು. ನೋಡಲಿ. ಮಗುವಿನ ಕೂಲಿ ಒಣಗಿದ್ದನ್ನೂ ಮುದುಕರ ಕೋಲನ್ನೂ ನೋಡುವುದಿಲ್ಲವೇ?

ಕೊಬ್ಬರಿ ಎಣ್ಣೆಯ ಬಗೆಗೆ ಒಂದು ಮಾತು ಹೇಳಲೇಬೇಕು. ಕೂದಲೆಂದೊಡನೆ ಎಣ್ಣೆ ಹಚ್ಚುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ವಿಗ್ಗಿಗೆ ಹಚ್ಚಿದ ಎಣ್ಣೆಯನ್ನು ಹೀರಲು ನೆತ್ತಿಯಿಲ್ಲ. ಅದು ಹಾಗೆಯೇ ಕುಳಿತು ಧೂಳು ಹಿಡಿಯುತ್ತದೆ, ಹಳಸಲು ವಾಸನೆ ಬೀರುತ್ತದೆ. ತೀರ ಒಣಗಿದಂತೆ ಕಂಡರೆ ಹೇರ್ ಸೀರಮ್ಮಿನ ಎರಡು ಹನಿಯನ್ನು ಅಂಗೈಯಲ್ಲಿ ಸವರಿಕೊಂಡು ತುದಿಗಳಿಗೆ ಮಾತ್ರ ಮುಟ್ಟಿಸಿದರೆ ಸಾಕು.

ವಿಭೂತಿ ಧರಿಸುವ ನಮ್ಮ ತಾಯಂದಿರಿಗೆ ಅಂಗಡಿಯವರು ಹೇಳಿಕೊಡದ ಒಂದು ಸೂಕ್ಷ್ಮವಿದೆ. ವಿಗ್ಗು ಧರಿಸಿದ ಮೇಲೆ ಒದ್ದೆ ವಿಭೂತಿ ಹಚ್ಚಿಕೊಂಡರೆ ಅದು ಮುಂದಲೆಯ ಸಣ್ಣ ಬಲೆಯೊಳಗೆ ಇಳಿದು ಬಿಳಿ ಗೆರೆಯಾಗಿ ನಿಲ್ಲುತ್ತದೆ. ಬೆವರಿನೊಡನೆ ಸೇರಿ ಗಟ್ಟಿಯಾದರೆ ಬಲೆಯ ಎಳೆಗಳನ್ನೇ ಕತ್ತರಿಸುತ್ತದೆ. ಮೊದಲು ತ್ರಿಪುಂಡ್ರ ಧರಿಸಿ, ಪೂರ್ತಿ ಒಣಗಿದ ಮೇಲೆ ವಿಗ್ಗು ಹಾಕಿಕೊಳ್ಳಬೇಕು. ರಾತ್ರಿ ತೆಗೆದ ಮೇಲೆ ಆ ಅಂಚನ್ನು ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿದರೆ ಒಳಿತು. ಮಲ್ಲಿಗೆಯ ದಂಡೆ ಮುಡಿಯುವ ಆಸೆಯಿದ್ದರೆ ಒಂದೆರಡು ಮೊಳದ ಭಾರವನ್ನು ವಿಗ್ಗಿನ ಮೇಲೆ ಹೇರದೆ ತುಸುವೇ ಹೂ ಮುಡಿಯಲಿ. ಅದೂ ಬಿಗಿ ಪಿನ್ನು ಚುಚ್ಚದೆ. ಒಲೆಯ ಮುಂದೆ ರೊಟ್ಟಿ ಸುಡುವಾಗ ವಿಗ್ಗು ಬೇಡವೇ ಬೇಡ. ಕೃತಕ ನಾರಿನ ವಿಗ್ಗು ಬಿಸಿಗೆ ಕರಗಿಯೇ ಹೋಗುತ್ತದೆ. ನಿಜಗೂದಲಿನದು ಕರಗದಿದ್ದರೂ ಬೆಂಕಿಯ ಝಳಕ್ಕೆ ಮುಂದಲೆ ಕಮರುತ್ತದೆ, ಕಮರಿದ ಕೂದಲಿಗೆ ಮದ್ದಿಲ್ಲ. ಮಲಗುವಾಗಲೂ ತೆಗೆದಿಡಬೇಕು.

ಈಗಾಗಲೇ ಕೆಟ್ಟಂತೆ ತೋರುವ ವಿಗ್ಗನ್ನು ಮನೆಯಲ್ಲಿಯೇ ಸುಧಾರಿಸಬಹುದೇ ಎಂದರೆ, ಬಹಳಷ್ಟನ್ನು ಸುಧಾರಿಸಬಹುದು. ಹೆಚ್ಚು ಕೆಡುವುದು ಹಿಂಗತ್ತಿನ ಭಾಗ. ರವಿಕೆಯ ಅಂಚಿಗೆ, ಸೀರೆಯ ಸೆರಗಿಗೆ ಉಜ್ಜಿ ಉಜ್ಜಿ ಅಲ್ಲಿ ಕೂದಲು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಕತ್ತರಿ ತೆಗೆದುಕೊಳ್ಳುವ ಮುನ್ನ ಕಂಡೀಷನರನ್ನು ಧಾರಾಳವಾಗಿ ಆ ಗಂಟಿಗೆ ಹಚ್ಚಿ, ಬೆರಳುಗಳಿಂದಲೇ ಒಂದೊಂದು ಎಳೆಯನ್ನು ಬಿಡಿಸುತ್ತ ಹೋಗಿರಿ. ಭಾಗ್ಯನಗರದ ಆ ಹೆಣ್ಣುಮಕ್ಕಳು ದಿನವಿಡೀ ಮಾಡುವ ಕೆಲಸವೇ ಇದು. ಬಿಡಿಸಿದ ಮೇಲೂ ಒರಟಾಗಿ ಉಳಿದ ತುದಿಯನ್ನು ಅರ್ಧ ಅಂಗುಲ ಕತ್ತರಿಸಿದರೆ ಮತ್ತೆ ಸಿಕ್ಕುವುದು ಕಡಿಮೆಯಾಗುತ್ತದೆ. ವಿಗ್ಗು ಇಡಿಯಾಗಿ ಒಣಗಿ ಉಬ್ಬಿದಂತಿದ್ದರೆ, ತೊಳೆದು ನೀರು ಒತ್ತಿ ತೆಗೆದು, ಬುಡ ಬಿಟ್ಟು ಉಳಿದೆಡೆ ಕಂಡೀಷನರ್ ಹಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅರ್ಧ ತಾಸಿನಿಂದ ಒಂದು ತಾಸು ಇಟ್ಟು, ತಣ್ಣೀರಿನಲ್ಲಿ ತೊಳೆಯಬೇಕು. ತಿಂಗಳಿಗೊಮ್ಮೆ ಹೀಗೆ ಮಾಡಬಹುದು. ಇಸ್ತ್ರಿಯ ಸಲಕರಣೆ ಬಳಸುವುದಾದರೆ ಪೂರ್ತಿ ಒಣಗಿದ ಕೂದಲಿಗೆ ಮಾತ್ರ, 150 ಡಿಗ್ರಿ ಸೆಲ್ಸಿಯಸ್‌ನ ಸುತ್ತ ಇರಿಸಿಕೊಂಡು ಬಳಸಿರಿ.

ಯಂತ್ರದಲ್ಲಿ ಹೊಲಿದ ಕೂದಲಿನ ಪಟ್ಟಿ ಟೊಪ್ಪಿಯಿಂದ ಕಳಚಿಬಂದರೆ ಸೂಜಿ ದಾರದಿಂದ ಮನೆಯಲ್ಲಿಯೇ ಹೊಲಿಯಬಹುದು. ಆದರೆ ಪಟ್ಟಿಯನ್ನು ಚುಚ್ಚಬಾರದು, ದಾರವನ್ನು ಪಟ್ಟಿಯ ಸುತ್ತ ಬಳಸಿ ಟೊಪ್ಪಿಗೆ ಬಿಗಿಯಬೇಕು. ಪಟ್ಟಿಗೆ ತೂತು ಬಿದ್ದರೆ ಅಲ್ಲಿಂದ ಕೂದಲು ಬಿಚ್ಚಿಕೊಳ್ಳತೊಡಗುತ್ತದೆ. ಮುಂದಲೆಯ ಬಲೆ ಹರಿದಿದ್ದರೆ ಮಾತ್ರ ಅದು ನುರಿತವರ ಕೆಲಸ. ಬಣ್ಣ ಮಾಸಿದ್ದಕ್ಕೆ ಕಪ್ಪು ಬಣ್ಣ ಹಾಕಬಹುದಾದರೂ ವಿಗ್ಗನ್ನು ತಲೆಯಿಂದ ತೆಗೆದಿಟ್ಟೇ ಹಾಕಬೇಕು. ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಬೇಕು, ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಅದನ್ನು ಧರಿಸಬಾರದು. ಕಪ್ಪನ್ನು ಕೆಂಚು ಮಾಡುವ ಪ್ರಯೋಗಕ್ಕೆ ಯಾರೂ ಕೈಹಾಕಬೇಡಿರಿ.

ವಿಗ್ಗಿನಷ್ಟೇ ಅದರ ಕೆಳಗಿನ ನೆತ್ತಿಯನ್ನೂ ನೋಡಿಕೊಳ್ಳಬೇಕು. ಕೀಮೋಥೆರಪಿಯ ದಿನಗಳಲ್ಲಿ ರಕ್ತದ ಬಿಳಿ ಕಣಗಳು ಕುಗ್ಗುವುದರಿಂದ ಚಿಕ್ಕ ಗುಳ್ಳೆಯೂ ಸೋಂಕಾಗಿ ಬೆಳೆಯಬಲ್ಲದು. ವಿಗ್ಗಿನ ಕೆಳಗೆ ತೆಳುವಾದ ಹತ್ತಿಯ ಟೊಪ್ಪಿ ಧರಿಸಿ, ಅದನ್ನು ದಿನವೂ ಬದಲಿಸಿರಿ. ಅಂಟು, ಟೇಪುಗಳನ್ನು ಬಳಸಬೇಡಿರಿ. ಮನೆಗೆ ಬಂದೊಡನೆ ವಿಗ್ಗು ತೆಗೆದು ನೆತ್ತಿಗೆ ಗಾಳಿಯಾಡಲು ಬಿಡಿರಿ. ಕೆಂಪಾಗುವುದು, ಕೀವು ತುಂಬಿದ ಗುಳ್ಳೆ, ಅತಿ ತುರಿಕೆ, ಜ್ವರ ಕಂಡರೆ ಮನೆಮದ್ದಿಗೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಚಿಕಿತ್ಸೆಯ ಅವಧಿಯಲ್ಲಿ ಒಬ್ಬರ ವಿಗ್ಗನ್ನು ಇನ್ನೊಬ್ಬರು ಹಾಕಿಕೊಂಡು ನೋಡುವುದೂ ಸಲ್ಲದು. ಮಕ್ಕಳು ಆಟಕ್ಕೆ ಹಾಗೆ ಮಾಡಿದರೆ ಗದರಿಸದೆ ಕಾರಣ ತಿಳಿಸಿ ಹೇಳಿದರೆ ಅವರೂ ಅರ್ಥ ಮಾಡಿಕೊಳ್ಳುತ್ತಾರೆ.

ಮನೆಯವರು ಹೀಗೆ ಕೈಜೋಡಿಸಿದರೂ ಹೊರಗಿನವರ ನಾಲಗೆ ಉಳಿಯುತ್ತದೆ. ಮದುವೆ ಮುಂಜಿಗಳಲ್ಲಿ, ನಮ್ಮ ಜಾತ್ರೆ ಉತ್ಸವಗಳಲ್ಲಿಯೂ, “ಇದು ನಿಮ್ಮದೇ ಕೂದಲೇನ್ರೀ ಅಕ್ಕಾ?” ಎಂದು ಹತ್ತು ಜನರೆದುರು ಕೇಳುವವರಿದ್ದಾರೆ. ಕೈಯಿಟ್ಟು ಜಗ್ಗಿ ನೋಡುವ ಮಹನೀಯರೂ ಇಲ್ಲದಿಲ್ಲ. ಇದಕ್ಕೆ ಅಂಜಿ ದಾಸೋಹದ ಪಂಕ್ತಿಗೇ ಬಾರದೆ ಮನೆಯಲ್ಲಿ ಉಳಿದ ತಾಯಂದಿರನ್ನು ನಾವು ಬಲ್ಲೆವು. ಅನುಭವಗೋಷ್ಠಿಗೆ ಬಂದವಳ ಕುಶಲವನ್ನು ಕೇಳಿರಿ, ಊಟ ಸೇರುತ್ತದೆಯೇ ಎಂದು ಕೇಳಿರಿ. ಕೂದಲಿನ ಮಾತನ್ನು ಆಕೆಯೇ ಎತ್ತಿದರೆ ಕೇಳಿಸಿಕೊಳ್ಳಿರಿ, ಇಲ್ಲವಾದರೆ ಬಿಟ್ಟುಬಿಡಿರಿ.

ಹೊಸ ಕೂದಲು ಒಂದೆರಡು ಅಂಗುಲ ಬೆಳೆದ ಮೇಲೆ ವಿಗ್ಗಿನ ಕೆಲಸ ಮುಗಿಯುತ್ತದೆ. ಆಗ ಅದನ್ನು ಕೆಟ್ಟ ದಿನಗಳ ನೆನಪೆಂದು ಹೊಳೆಗೆ ಬಿಡುವುದಾಗಲಿ ಸುಡುವುದಾಗಲಿ ಬೇಡ. ಅಷ್ಟು ಹಣ ಹೊಂದಿಸಲಾಗದ ಇನ್ನೊಬ್ಬ ತಾಯಿ ಅದೇ ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಎರಡು ಸಲ ಚೆನ್ನಾಗಿ ತೊಳೆದು, ಎರಡು ದಿನ ನೆರಳಿನಲ್ಲಿ ಆರಿಸಿ, ಒಳಗೆ ಹಾಳೆ ತುಂಬಿ ಆಕಾರ ಕೆಡದಂತೆ ಮಾಡಿ, ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿಡಿರಿ. ಕೊಡಲು ತಡವಾಗುವುದಾದರೆ ನುಸಿ ಹತ್ತದಂತೆ ಸೀರೆಗಳಿಗೆ ಇಡುವ ಒಣ ಬೇವಿನೆಲೆಯನ್ನು ಒಂದು ಚಿಕ್ಕ ಬಟ್ಟೆಯಲ್ಲಿ ಕಟ್ಟಿ ಜೊತೆಗಿಡಬಹುದು. ನಿಜಗೂದಲಿನದೋ ಕೃತಕವೋ, ಎಷ್ಟು ಸುತ್ತಳತೆಯದು, ಯಾವಾಗ ಕೊಂಡದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸೇರಿಸಿರಿ. ಎಲ್ಲ ಆಸ್ಪತ್ರೆಗಳೂ ಬಳಸಿದ ವಿಗ್ಗನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಮರುತಪಾಸಣೆಗೆ ಹೋದಾಗ ಅಲ್ಲಿಯ ಸಮಾಜಕಾರ್ಯ ವಿಭಾಗದವರನ್ನು ಮೊದಲು ವಿಚಾರಿಸಿ, ಮುಂದಿನ ಸಲ ಕೊಂಡೊಯ್ಯುವುದು ಅನುಕೂಲ.